ಬೀಳುತ್ತ ಏರುವ ಆಟ

ಹುಡುಗಿಯೊಬ್ಬಳು ಒಂದು ಪರ್ವತವನ್ನು ಏರಬೇಕು, ಕಥೆಯೆಂದರೆ ಇಷ್ಟೇ. ಹುಡುಗಿಯ ಹೆಸರು ಮ್ಯಾಡಲಿನ್, ಪರ್ವತದ ಹೆಸರು ಸೆಲೆಸ್ಟ್, ಆ ಪರ್ವತವಿರುವುದು ಕೆನಡಾ ದೇಶದಲ್ಲಿ. ಅವಳು ಬಲ್ಲ ವಿದ್ಯೆಗಳು ನಾಲ್ಕೇ ನಾಲ್ಕು: ಓಡುವುದು, ಜಿಗಿಯುವುದು, ಕೈಯಲ್ಲಿ ಶಕ್ತಿಯಿರುವಷ್ಟು ಹೊತ್ತು ಗೋಡೆಯನ್ನು ಹಿಡಿದು ಹತ್ತುವುದು, ಮತ್ತು ಎಂಟು ದಿಕ್ಕುಗಳಲ್ಲಿ ಯಾವುದಾದರೊಂದು ಕಡೆಗೆ ಬಾಣದಂತೆ ಒಮ್ಮೆ ನುಗ್ಗುವುದು. ನುಗ್ಗಿದೊಡನೆ ಅವಳ ಕೆಂಗೂದಲು ನೀಲಿಯಾಗುತ್ತದೆ; ಕಾಲು ಮರಳಿ ನೆಲ ಮುಟ್ಟಿದರೆ ಕೆಂಪಾಗುತ್ತದೆ. ನೀಲಿಯಾಗಿರುವಷ್ಟು ಹೊತ್ತು ಇನ್ನೊಮ್ಮೆ ನುಗ್ಗುವಂತಿಲ್ಲ. ದಾರಿಯುದ್ದಕ್ಕೂ ಮುಳ್ಳುಗಳಿವೆ, ಕಾಲಿಟ್ಟರೆ ಕುಸಿಯುವ ಹಲಗೆಗಳಿವೆ, ಎದುರುಗಾಳಿಯಿದೆ, ತಳ ಕಾಣದ ಕಂದಕಗಳಿವೆ. ಮುಳ್ಳು ತಾಗಿತೋ, ಅವಳು ಸತ್ತಳೆಂದೇ ಲೆಕ್ಕ. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯ ಆರಂಭದಲ್ಲಿ ಮತ್ತೆ ನಿಂತಿರುತ್ತಾಳೆ. ಮತ್ತೆ ಜಿಗಿಯಬೇಕು.

'ಸೆಲೆಸ್ಟ್' ಎಂಬ ಈ ವಿಡಿಯೊ ಗೇಮನ್ನು ಕುರಿತು ಎಪ್ಪತ್ತನಾಲ್ಕು ವರ್ಷದ ನಿವೃತ್ತ ವಿಜ್ಞಾನ ಶಿಕ್ಷಕನೊಬ್ಬ ಸ್ಮರಣ ಸಂಚಿಕೆಗೆ ಲೇಖನ ಬರೆಯುವುದು ಕೆಲವು ಓದುಗರಿಗೆ ವಿಚಿತ್ರವೆನಿಸೀತು. ಸಂಪಾದಕ ಮಿತ್ರರು ನನ್ನಿಂದ ಅಪೇಕ್ಷಿಸಿದ್ದು 'ಇಂದಿನ ವಿದ್ಯಾರ್ಥಿ' ಎಂಬ ವಿಷಯವನ್ನು. ಇಂದಿನ ವಿದ್ಯಾರ್ಥಿಯ ಬಗ್ಗೆ ನಾನು ಖಚಿತವಾಗಿ ತಿಳಿದಿರುವುದು ಬಹಳವಿಲ್ಲ. ಇರುವಷ್ಟೂ ನನ್ನ ಮೊಮ್ಮಗಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಈ ಆಟವನ್ನು ನೋಡಿದಾಗ ತಿಳಿದದ್ದು. ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ಆಟದ ಹುಟ್ಟು ಸ್ವಾರಸ್ಯವಾಗಿದೆ. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬ ಇಬ್ಬರು 'ಪಿಕೊ-8' ಎಂಬ ಪುಟ್ಟ ಕಲ್ಪಿತ ಯಂತ್ರಕ್ಕಾಗಿ ನಾಲ್ಕೇ ದಿನಗಳಲ್ಲಿ ಇದರ ಮೊದಲ ರೂಪವನ್ನು ರಚಿಸಿದರು. ಅದರಲ್ಲಿದ್ದುದು ಮೂವತ್ತು ಪರದೆಗಳು. ಆ ಬೀಜವೇ ಬೆಳೆದು, ಲೀನಾ ರೇನ್ ಅವರ ಸಂಗೀತವನ್ನು ಕೂಡಿಸಿಕೊಂಡು, 2018ರ ಜನವರಿ 25ರಂದು ಪೂರ್ಣ ಪ್ರಮಾಣದ ಆಟವಾಗಿ ಹೊರಬಂದಿತು. ಅದೇ ವರ್ಷ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ಎರಡು ಪ್ರಶಸ್ತಿಗಳನ್ನು ಪಡೆಯಿತು. ದೊಡ್ಡ ಬಂಡವಾಳದ ನೂರಾರು ಕೆಲಸಗಾರರಿದ್ದ ಆಟಗಳ ನಡುವೆ ಒಂದು ಸಣ್ಣ ತಂಡದ ಕೃತಿಗೆ ಈ ಮನ್ನಣೆ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. ನಾಲ್ಕು ದಿನಗಳ ಆ ಮೊದಲ ಆಟವನ್ನು ರಚನಕಾರರು ಮರೆತಿಲ್ಲ. ಮೂರನೆಯ ಅಧ್ಯಾಯದ ಹಳೆಯ ಹೋಟೆಲಿನ ಒಂದು ಗುಪ್ತ ಕೋಣೆಯಲ್ಲಿ ಅದನ್ನು ಇಡಿಯಾಗಿ ಅಡಗಿಸಿಟ್ಟಿದ್ದಾರೆ. ಹೊಸ ಮನೆ ಕಟ್ಟಿದವರು ಹಳೆಯ ಮನೆಯ ಬಾಗಿಲನ್ನು ಜೋಪಾನವಾಗಿ ಹಿತ್ತಿಲಿಗೆ ಹಾಕಿಸಿಕೊಂಡಂತೆ.

ಇನ್ನು ನಮ್ಮ ಮನೆಯ ಸಂಗತಿ. 2022ರ ಬೇಸಿಗೆ ಕಳೆದ ಮೇಲೆ ನನ್ನ ಮೊಮ್ಮಗಳು ಕೋಣೆಯಿಂದ ಹೊರಬರುವುದನ್ನು ನಿಲ್ಲಿಸಿದಳು. ಎರಡನೆಯ ಪಿಯುಸಿಯಲ್ಲಿ ಒಳ್ಳೆಯ ಅಂಕಗಳು ಬಂದಿದ್ದವು. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಏನೂ ಬರೆದಂತಿರಲಿಲ್ಲ. ಏಕೆಂದು ಕೇಳಿದರೆ ಉತ್ತರವಿಲ್ಲ. ಪುಸ್ತಕವೆಂದರೆ ಕಣ್ಣೀರು, ಊಟವೆಂದರೆ ಬೇಡ. ವಿದೇಶದಲ್ಲಿರುವ ಅವಳ ಸೋದರಮಾವ ತಂದುಕೊಟ್ಟ ನಿಂಟೆಂಡೊ ಯಂತ್ರವೊಂದು ಅವಳ ಬಳಿ ಇತ್ತು. ಹಗಲೂ ರಾತ್ರಿಯೂ ಅದರೊಡನೆಯೇ. ಒಂದು ಸಂಜೆ ನನ್ನ ಮಗ ಬಂದು, "ಅಪ್ಪಾ, ನೀವಾದರೂ ಒಂದು ಮಾತು ಹೇಳ್ರಿ. ಇಲ್ಲಾ ಅಂದ್ರ ಅದನ್ನ ಕಸಗೊಂಡು ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ತೀನಿ," ಎಂದ. ಮಗಳ ಮೇಲಿನ ಸಿಟ್ಟಿಗಿಂತ ಅವಳ ಬಗೆಗಿನ ಭಯವೇ ಆ ಮಾತಿನಲ್ಲಿ ಹೆಚ್ಚಾಗಿತ್ತು. ಕೀಲಿ ಹಾಕುವ ಮೊದಲು ಒಳಗೇನಿದೆಯೆಂದು ನೋಡುವುದು ಒಳ್ಳೆಯದಲ್ಲವೆ, ನನಗೆ ಒಂದು ವಾರ ಕೊಡು ಎಂದೆ.

ಮೂರು ಸಂಜೆ ನಾನು ಮಾತನಾಡದೆ ನೋಡಿದೆ. ಒಂದೇ ಪರದೆಯಲ್ಲಿ, ಒಂದೇ ಮುಳ್ಳಿಗೆ, ಅವಳು ಅರವತ್ತಕ್ಕೂ ಹೆಚ್ಚು ಸಲ ಬಿದ್ದಳು. ನಾನು ಶಿಕ್ಷಕನ ಅಭ್ಯಾಸದಿಂದ ಬೆರಳು ಮಡಿಚಿ ಎಣಿಸುತ್ತಿದ್ದೆ. ಪುಸ್ತಕದ ಹೆಸರೆತ್ತಿದರೆ ಅಳುವ ಹುಡುಗಿ, ಅರವತ್ತು ಸಲ ಸೋತರೂ ಹುಬ್ಬು ಗಂಟಿಕ್ಕಲಿಲ್ಲ. ಬೆನ್ನು ನೆಟ್ಟಗಿತ್ತು, ಉಸಿರು ಸಮವಾಗಿತ್ತು, ತುಟಿ ಏನನ್ನೋ ಎಣಿಸುತ್ತಿತ್ತು. ಅರವತ್ತು ಚಿಲ್ಲರೆಯ ಯತ್ನದಲ್ಲಿ ಆಚೆ ದಡ ಸೇರಿದಾಗ ಚಪ್ಪಾಳೆಯೂ ಇಲ್ಲ. ಒಂದು ಸಣ್ಣ ನಿಟ್ಟುಸಿರು, ಮುಂದಿನ ಪರದೆ. ಮೂವತ್ತಾರು ವರ್ಷ ತರಗತಿಗಳನ್ನು ನಡೆಸಿದ ನನಗೆ ಇಂಥ ಏಕಾಗ್ರತೆಯನ್ನು ಕಂಡ ನೆನಪು ಬಹಳ ಕಡಿಮೆ. ಇದನ್ನು ಈ ಆಟ ಎಲ್ಲಿಂದ ಹೊರಡಿಸಿತು ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು.

ಮೊದಲ ಉತ್ತರ ಸರಳವಾದದ್ದು. ಇಲ್ಲಿ ಬಿದ್ದುದಕ್ಕೆ ದಂಡವಿಲ್ಲ. ಹಳೆಯ ಆಟಗಳಲ್ಲಿ ಹೀಗಿರಲಿಲ್ಲ. 1981ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ ರೂಪಿಸಿದ 'ಡಾಂಕಿ ಕಾಂಗ್' ಆಟದಲ್ಲಿ ಉರುಳಿ ಬರುವ ಪೀಪಾಯಿಗಳ ಮೇಲೆ ಜಿಗಿಯುವ ಬಡಗಿಯೇ ಮುಂದೆ ಮಾರಿಯೊ ಎಂದು ಲೋಕಪ್ರಸಿದ್ಧನಾದ. ಅದು ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರ. ಆಟಗಾರನಿಗೆ ಬೆರಳೆಣಿಕೆಯ ಜೀವಗಳು. ಮುಗಿದರೆ ಇನ್ನೊಂದು ನಾಣ್ಯ. ಸಾವು ಅಂಗಡಿಕಾರನ ಆದಾಯವಾಗಿತ್ತೆಂದರೂ ಸಲ್ಲುತ್ತದೆ. 1985ರ 'ಸೂಪರ್ ಮಾರಿಯೊ ಬ್ರದರ್ಸ್' ಮನೆಯೊಳಗೆ ಬಂದ ಮೇಲೂ, ನಾಣ್ಯ ಹೋಗಿ ಜೀವಗಳ ಲೆಕ್ಕ ಮಾತ್ರ ಉಳಿಯಿತು. ಅವು ತೀರಿದರೆ ಬಹಳ ಹಿಂದಿನಿಂದ ಮತ್ತೆ ಬರಬೇಕು. ಅನಂತರದ ಕಾಲದಲ್ಲಿ ಕೆಲವರು ಈ ಲೆಕ್ಕವನ್ನೇ ಕಿತ್ತೊಗೆದರು. 2010ರಲ್ಲಿ ಎಡ್ಮಂಡ್ ಮ್ಯಾಕ್‌ಮಿಲನ್ ಮತ್ತು ಟಾಮಿ ರೆಫೆನಿಸ್ ಹೊರತಂದ 'ಸೂಪರ್ ಮೀಟ್ ಬಾಯ್' ಅಂಥದು. ಅದರ ನಾಯಕ ಒಂದು ಮಾಂಸದ ಮುದ್ದೆ. ಹೆಸರೂ ರೂಪವೂ ನನ್ನಂಥ ಸಸ್ಯಾಹಾರಿಗೆ ರುಚಿಸುವಂಥವಲ್ಲ. ಆದರೆ ಅದರಲ್ಲೊಂದು ಸುಂದರ ಯುಕ್ತಿಯಿದೆ. ಒಂದು ಹಂತವನ್ನು ದಾಟಿದೊಡನೆ, ನೀವು ಅಲ್ಲಿಯವರೆಗೆ ಸೋತ ಯತ್ನಗಳೆಲ್ಲವೂ ಒಟ್ಟಿಗೆ ಪರದೆಯ ಮೇಲೆ ಓಡುತ್ತವೆ: ನಲವತ್ತು ಮುದ್ದೆಗಳು ಹೊರಟು, ಇಲ್ಲಿ ಹತ್ತು, ಅಲ್ಲಿ ಇಪ್ಪತ್ತು ಬಿದ್ದು, ಕೊನೆಗೆ ಒಂದೇ ಒಂದು ಗುರಿ ಸೇರುತ್ತದೆ. ಸೋಲನ್ನು ಮುಚ್ಚಿಡದೆ ಮೆರವಣಿಗೆ ಮಾಡುವುದು!

ಸೆಲೆಸ್ಟ್ ಈ ಪರಂಪರೆಗೆ ಸೇರಿದ್ದು. ಎಷ್ಟು ಸಲ ಸತ್ತಿರೆಂದು ಅದು ಎಣಿಸಿ ತೋರಿಸುತ್ತದೆ. ಜೊತೆಗೆ, ಆ ಸಂಖ್ಯೆಯ ಬಗ್ಗೆ ಹೆಮ್ಮೆಪಡಿರೆಂದು ಒಂದು ಅಂಚೆಕಾರ್ಡನ್ನೂ ಕಳುಹಿಸುತ್ತದೆ. ದಾರಿಯಲ್ಲಿ ಅಲ್ಲಲ್ಲಿ, ಕೈಗೆಟುಕದ ಮೂಲೆಗಳಲ್ಲಿ, ಕೆಂಪು ಸ್ಟ್ರಾಬೆರಿ ಹಣ್ಣುಗಳಿವೆ. ಅವುಗಳಿಂದ ಶಕ್ತಿ ಹೆಚ್ಚುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಗೆಳೆಯರೆದುರು ಹೇಳಿಕೊಳ್ಳಲು ಮಾತ್ರ ಉಪಯೋಗವೆಂದು ಆಟವೇ ಒಪ್ಪಿಕೊಳ್ಳುತ್ತದೆ. ಕಷ್ಟದ ಮೂಲೆಯನ್ನು ಮುಟ್ಟಿದ ಸಂತೋಷದ ಹೊರತು ಬೇರೆ ಫಲವಿಲ್ಲದ ಹಣ್ಣಿಗಾಗಿ ಮೊಮ್ಮಗಳು ಅರ್ಧ ಗಂಟೆ ಹೋರಾಡುವುದನ್ನು ನೋಡಿದಾಗ, ಅಂಕಗಳ ಆಮಿಷ ತೋರಿಸಿಯೇ ಪಾಠ ಹೇಳುವ ನಮ್ಮ ಪದ್ಧತಿ ನೆನಪಾಗದಿರಲಿಲ್ಲ.

ದಂಡವಿಲ್ಲದ ಮಾತ್ರಕ್ಕೆ ಆಟ ಸುಲಭವೆಂದು ತಿಳಿಯಬಾರದು. ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಎಷ್ಟೋ ಜಿಗಿತಗಳಲ್ಲಿ ಗುಂಡಿ ಒತ್ತುವ ಸರಿಯಾದ ಕ್ಷಣವೆಂದರೆ ಅಂಥ ಕೆಲವೇ ಚಿತ್ರಗಳ ಅವಧಿ. ಇದು ನನ್ನೊಳಗಿನ ಶಿಕ್ಷಕನನ್ನು ಕೆಣಕಿತು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ನಮ್ಮ ಪ್ರಯೋಗಶಾಲೆಯ ಅಳತೆಪಟ್ಟಿಯ ಪ್ರಯೋಗ ನೆನಪಿರಬಹುದು. ಒಬ್ಬರು ಪಟ್ಟಿಯನ್ನು ನೆಟ್ಟಗೆ ಹಿಡಿದು ಹೇಳದೆ ಕೇಳದೆ ಬಿಡಬೇಕು. ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳುಗಳನ್ನು ಸಿದ್ಧವಾಗಿಟ್ಟುಕೊಂಡು ಅದನ್ನು ಹಿಡಿಯಬೇಕು. ಎಷ್ಟು ಸೆಂಟಿಮೀಟರ್ ಬಿದ್ದಿತೆಂಬುದರಿಂದ, ಬೀಳುವ ವಸ್ತುವಿನ ಸೂತ್ರದ ಮೂಲಕ, ಕಣ್ಣು ಕಂಡದ್ದನ್ನು ಕೈ ಮಾಡಲು ಹಿಡಿದ ಕಾಲವನ್ನು ಲೆಕ್ಕ ಹಾಕಬಹುದು. ನಾಲ್ಕನೆಯ ಸಂಜೆ ಮೊಮ್ಮಗಳೊಡನೆ ಈ ಪ್ರಯೋಗ ಮಾಡಿದೆ. ಅವಳು 17 ಸೆಂಟಿಮೀಟರಿಗೆ ಹಿಡಿದಳು. ಎಂದರೆ ಸುಮಾರು 0.19 ಸೆಕೆಂಡು. ನನ್ನ ಬೆರಳುಗಳ ನಡುವಿನಿಂದ 30 ಸೆಂಟಿಮೀಟರಿನ ಪಟ್ಟಿ ಪೂರ್ತಿಯಾಗಿ ಜಾರಿ ನೆಲಕ್ಕೆ ಬಿದ್ದಿತು. ಕಾಲು ಸೆಕೆಂಡಿಗೂ ಹೆಚ್ಚು. ಎಷ್ಟೋ ವಾರಗಳ ಮೇಲೆ ಅವಳು ನಕ್ಕದ್ದು ಅಂದೇ.

ಆದರೆ ಲೆಕ್ಕವನ್ನು ನೋಡಿರಿ. 0.19 ಸೆಕೆಂಡೆಂದರೆ ಸುಮಾರು ಹನ್ನೊಂದು ಚಿತ್ರಗಳ ಕಾಲ. ಮೂರು ನಾಲ್ಕು ಚಿತ್ರಗಳ ಅವಧಿಯೊಳಗೆ ಗುಂಡಿ ಒತ್ತಬೇಕಾದಲ್ಲಿ, ಕಂಡಮೇಲೆ ಒತ್ತುವವರು ಹರೆಯದವರಾಗಲಿ ಮುದುಕರಾಗಲಿ ತಡವಾದಂತೆಯೇ. ಹಾಗಾದರೆ ಅವಳು ದಾಟುವುದು ಹೇಗೆ? ಅದನ್ನೇ ಕೇಳಿದೆ. "ಅಜ್ಜಾ, ನೋಡಿ ಜಿಗೀಬ್ಯಾಡ್ರಿ. ಎಣಿಸಿ ಜಿಗೀರಿ," ಎಂದಳು. ಇಬ್ಬರು ತಿರುಗಿಸುತ್ತಿರುವ ಹಗ್ಗದೊಳಗೆ ನುಗ್ಗುವ ಹುಡುಗಿ ಹಗ್ಗವನ್ನು ಕಂಡು ನುಗ್ಗುವುದಿಲ್ಲ. ಅದರ ಲಯವನ್ನು ಮೈಯೊಳಗೆ ತುಂಬಿಕೊಂಡು, ಹಗ್ಗ ಬರುವ ಮೊದಲೇ ಹೊರಟಿರುತ್ತಾಳೆ. ಡೊಳ್ಳಿನವನ ಕೈ ಹಿಂದಿನ ಪೆಟ್ಟಿನಿಂದಲೇ ಮುಂದಿನ ಪೆಟ್ಟನ್ನು ಅಳೆಯುತ್ತದೆ. ಮೊದಲ ಹತ್ತು ಸಲ ಬಿದ್ದಾಗ ದಾರಿ ತಿಳಿಯುತ್ತದೆ, ಮುಂದಿನ ಮೂವತ್ತು ಸಲ ಬಿದ್ದಾಗ ಲಯ ತಿಳಿಯುತ್ತದೆ, ಆಮೇಲಿನವು ಬೆರಳಿಗೆ. ಬುದ್ಧಿಗೆ ಅರ್ಥವಾದ ಮೇಲೂ ಬೆರಳಿಗೆ ಅರ್ಥವಾಗಲು ಇಷ್ಟು ಕಾಲ ಬೇಕೆಂಬುದು ನೋಡುತ್ತ ಕುಳಿತವನಿಗೆ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಈ ಕಠಿಣವಾದ ಆಟದ ಒಳಗೆ ಗುಪ್ತವಾದ ದಯೆಯೂ ಇದೆ. ರಚನಕಾರರೇ ಅದನ್ನು ಬಹಿರಂಗವಾಗಿ ವಿವರಿಸಿದ್ದಾರೆ. ಮ್ಯಾಡಲಿನ್ ಬಂಡೆಯ ಅಂಚನ್ನು ದಾಟಿ ಗಾಳಿಯಲ್ಲಿ ಕಾಲಿಟ್ಟ ಮೇಲೂ, ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ, ಅವಳು ನೆಲದ ಮೇಲೆಯೇ ಇದ್ದಾಳೆಂದು ಆಟ ಭಾವಿಸುತ್ತದೆ. ತಡವಾಗಿ ಒತ್ತಿದ ಜಿಗಿತವೂ ಸಲ್ಲುತ್ತದೆ. ಹಳೆಯ ವ್ಯಂಗ್ಯಚಿತ್ರಗಳಲ್ಲಿ ಬಂಡೆಯಂಚನ್ನು ದಾಟಿಯೂ ಸ್ವಲ್ಪ ದೂರ ಓಡುವ ಕಯೋಟಿ ಎಂಬ ಪ್ರಾಣಿಯ ಹೆಸರನ್ನೇ ಈ ಯುಕ್ತಿಗೆ ಇಟ್ಟಿದ್ದಾರೆ. ನೆಲ ಮುಟ್ಟುವ ಕ್ಷಣಕ್ಕಿಂತ ತುಸು ಮೊದಲೇ ಗುಂಡಿ ಒತ್ತಿದರೆ, ಅದನ್ನೂ ನೆನಪಿಟ್ಟುಕೊಂಡು ನೆಲ ಮುಟ್ಟಿದೊಡನೆ ಜಿಗಿಸುತ್ತದೆ. ಮೇಲಿನ ಕಲ್ಲಿನ ಮೂಲೆಗೆ ತಲೆ ತಾಗುವಂತಿದ್ದರೆ ಕೆಲವು ಪಿಕ್ಸೆಲ್‌ಗಳಷ್ಟು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತದೆ. ಜಿಗಿತದ ತುತ್ತತುದಿಯಲ್ಲಿ, ಗುಂಡಿಯನ್ನು ಒತ್ತಿ ಹಿಡಿದಿದ್ದರೆ, ಗುರುತ್ವಾಕರ್ಷಣೆಯನ್ನು ಅರ್ಧಕ್ಕೆ ಇಳಿಸಿ, ಇಳಿಯುವ ಜಾಗವನ್ನು ನೋಡಿಕೊಳ್ಳಲು ಒಂದು ಕ್ಷಣ ಹೆಚ್ಚು ಕೊಡುತ್ತದೆ! ಭೌತಶಾಸ್ತ್ರದ ಶಿಕ್ಷಕನಾಗಿ ಇದನ್ನು ನಾನು ಖಂಡಿಸಬೇಕು. ಆದರೆ ಇವಾವುದೂ ಆಟಗಾರನಿಗೆ ತಿಳಿಯುವುದೇ ಇಲ್ಲ. ತಾನೇ ಸರಿಯಾಗಿ ಜಿಗಿದೆನೆಂದು ಅವನು ನಂಬುತ್ತಾನೆ. ಬಿಗಿಯಾದ ಪ್ರಶ್ನೆಪತ್ರಿಕೆ ಕೊಟ್ಟು, ಉತ್ತರ ಓದುವಾಗ ವಿದ್ಯಾರ್ಥಿಯ ಉದ್ದೇಶವನ್ನು ಗ್ರಹಿಸಿ ಅಂಕ ಕೊಡುವ ಪರೀಕ್ಷಕರನ್ನು ನಾನು ಕಂಡಿದ್ದೇನೆ. ಅಂಥವರ ಬಳಿ ಕಲಿತವರು ಅವರನ್ನು ಕಠಿಣರೆಂದೇ ನೆನೆಯುತ್ತಾರೆ.

ಐದನೆಯ ಸಂಜೆ ನಾಲ್ಕನೆಯ ಅಧ್ಯಾಯದ ಕೊನೆ ಬಂದಿತು. ಮ್ಯಾಡಲಿನ್ ಮತ್ತು ದಾರಿಯಲ್ಲಿ ಸಿಕ್ಕ ಥಿಯೊ ಎಂಬ ಗೆಳೆಯ ಹಗ್ಗದ ಮೇಲೆ ತೂಗುವ ಗಾಡಿಯಲ್ಲಿ ಕಂದಕವನ್ನು ದಾಟುತ್ತಿರುತ್ತಾರೆ. ನಟ್ಟನಡುವೆ ಗಾಡಿ ನಿಲ್ಲುತ್ತದೆ. ಮ್ಯಾಡಲಿನ್‌ಗೆ ಉಸಿರು ಕಟ್ಟುತ್ತದೆ, ಮೈ ನಡುಗುತ್ತದೆ, ಸುತ್ತಲೂ ಕತ್ತಲೆ ಕವಿಯುತ್ತದೆ. ಆಗ ಥಿಯೊ, ಒಂದು ಗರಿಯನ್ನು ಕಣ್ಣೆದುರು ಕಲ್ಪಿಸಿಕೊಂಡು ಉಸಿರಿನಿಂದ ಅದನ್ನು ತೇಲಿಸುವಂತೆ ಹೇಳಿಕೊಡುತ್ತಾನೆ. ಅಲ್ಲಿಯವರೆಗೆ ಮಿಂಚಿನಂತೆ ಓಡಿದ ಆಟ ಇಲ್ಲಿ ನಿಂತುಬಿಡುತ್ತದೆ. ಮುಳ್ಳಿಲ್ಲ, ಜಿಗಿತವಿಲ್ಲ, ಗುಂಡಿಯನ್ನು ಮೆಲ್ಲನೆ ಒತ್ತಿದರೆ ಗರಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಮೇಲೆ ಕೆಳಗೆ ಸರಿಯುವ ಒಂದು ಚೌಕಟ್ಟಿನೊಳಗೆ ಅದನ್ನು ಇಟ್ಟುಕೊಳ್ಳಬೇಕು. ಮೊಮ್ಮಗಳು ಗರಿಯನ್ನು ತೇಲಿಸುತ್ತ, ಪರದೆಯಿಂದ ಕಣ್ಣು ತೆಗೆಯದೆ, "ಅಜ್ಜಾ, ಪರೀಕ್ಷೆಯೊಳಗ ನನಗೂ ಹಿಂಗ ಆಗಿತ್ತು," ಎಂದಳು. ಮೂರನೆಯ ಪ್ರಶ್ನೆಯ ಹೊತ್ತಿಗೆ ಎದೆ ಬಡಿತ ಕಿವಿಯಲ್ಲಿ ಕೇಳಿಸತೊಡಗಿತಂತೆ, ಅಕ್ಷರಗಳು ಕಾಣಲಿಲ್ಲವಂತೆ, ಸತ್ತೇ ಹೋಗುತ್ತೇನೆಂದುಕೊಂಡು ಮೇಜಿನ ಅಂಚನ್ನು ಹಿಡಿದು ಮೂರು ಗಂಟೆ ಕುಳಿತಿದ್ದಳಂತೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಲು ಅದಕ್ಕೊಂದು ಹೆಸರಿದೆಯೆಂದೇ ಅವಳಿಗೆ ತಿಳಿದಿರಲಿಲ್ಲ. ಈ ದೃಶ್ಯವನ್ನು ಅದಾಗಲೇ ಒಂಬತ್ತು ಸಲ ಆಡಿದ್ದಾಳೆಂದು ಆಮೇಲೆ ಗೊತ್ತಾಯಿತು.

ಗರಿಯೇ ಅವಳನ್ನು ಗುಣಪಡಿಸಿತೆಂದು ನಾನು ಹೇಳಲಾರೆ. ಮರುವಾರವೇ ಮಗ ಸೊಸೆ ಅವಳನ್ನು ಹುಬ್ಬಳ್ಳಿಯ ಮನೋವೈದ್ಯರೊಬ್ಬರ ಬಳಿಗೆ ಕರೆದೊಯ್ದರು. ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಆಟವೂ ಅಂಥ ಸುಲಭದ ಮಾತನ್ನು ಆಡುವುದಿಲ್ಲ ಎಂಬುದೇ ನನಗೆ ಅದರ ಮೇಲೆ ಗೌರವ ಹುಟ್ಟಿಸಿದ ಅಂಶ. ಆರನೆಯ ಅಧ್ಯಾಯದಲ್ಲಿ ಮ್ಯಾಡಲಿನ್‌ಳ ನೆರಳಿನಂಥ ಇನ್ನೊಂದು ರೂಪ, ಅವಳ ಭಯ ಸಂಶಯಗಳೇ ಮೈದಾಳಿದಂತಿರುವವಳು, ಎದುರು ನಿಲ್ಲುತ್ತಾಳೆ. ಮ್ಯಾಡಲಿನ್ ಮತ್ತೆ ಗರಿಯನ್ನು ನೆನೆಯುತ್ತಾಳೆ. ಈ ಸಲ ನೆರಳು ಆ ಗರಿಯನ್ನೇ ಕತ್ತರಿಸಿ, ಅವಳನ್ನು ಪರ್ವತದ ಬುಡಕ್ಕೆ ನೂಕುತ್ತದೆ. ಏರಿದ್ದೆಲ್ಲ ವ್ಯರ್ಥ. ಅಲ್ಲಿಂದ ಮತ್ತೆ ಎದ್ದು, ನೆರಳನ್ನು ಓಡಿಸುವ ಬದಲು ಬೆನ್ನಟ್ಟಿ ಹಿಡಿದು, ಸಂಧಿ ಮಾಡಿಕೊಂಡ ಮೇಲೆ, ಒಮ್ಮೆ ಮಾತ್ರ ನುಗ್ಗುತ್ತಿದ್ದವಳು ಎರಡು ಸಲ ನುಗ್ಗಬಲ್ಲವಳಾಗುತ್ತಾಳೆ. ಕಥೆಯ ಅರ್ಥವನ್ನು ಮಾತಿನಲ್ಲಿ ಹೇಳದೆ ಬೆರಳಿಗೇ ಕೊಡುವ ಈ ಕ್ರಮ ಕಾದಂಬರಿಗೂ ನಾಟಕಕ್ಕೂ ಸಾಧ್ಯವಿಲ್ಲ.

ಮಗನಿಗೆ ವಾರದ ಕೊನೆಯಲ್ಲಿ ನನ್ನ ಅಭಿಪ್ರಾಯ ಹೇಳಿದೆ: ಕೀಲಿ ಬೇಡ, ಹೊತ್ತಿನ ಮಿತಿ ಇರಲಿ. ಅವನು ಒಪ್ಪಲಿಲ್ಲ. ಆಡುವವರೆಲ್ಲ ಹಾಳಾಗುವುದು ಹೀಗೆಯೇ ಎಂದ. ಅವನ ಭಯಕ್ಕೆ ಆಧಾರವಿಲ್ಲದಿಲ್ಲ. ಫೋನಿನಲ್ಲಿ ಪುಕ್ಕಟೆಯೆಂದು ಬಂದು, ಮಧ್ಯದಲ್ಲಿ ತಡೆದು ನಿಲ್ಲಿಸಿ, ಇನ್ನೊಂದು ಜೀವಕ್ಕೆ ಇಷ್ಟು ರೂಪಾಯಿ ಎಂದು ಕೈಯೊಡ್ಡುವ ಆಟಗಳನ್ನು ನಾನೂ ನೋಡಿದ್ದೇನೆ. ಆ ಹಳೆಯ ನಾಣ್ಯದ ಯಂತ್ರವೇ ವೇಷ ಬದಲಿಸಿ ಬಂದಿದೆ. ಇದನ್ನು ಒಮ್ಮೆ ಕೊಂಡರೆ ಮುಗಿಯಿತು. ಜಾಹೀರಾತಿಲ್ಲ, ಮತ್ತೆ ಹಣ ಕೇಳುವುದಿಲ್ಲ, ನಾಳೆ ಬರದಿದ್ದರೆ ನಷ್ಟವಾದೀತೆಂದು ಹೆದರಿಸುವುದಿಲ್ಲ. ಎರಡು ಬಗೆಯ ಆಟಗಳನ್ನೂ ಒಂದೇ ಕಪಾಟಿಗೆ ಹಾಕುವುದು ನ್ಯಾಯವಲ್ಲವೆಂದು ನನ್ನ ವಾದ. ಈಗಲೂ ಅಪ್ಪ ಮಕ್ಕಳ ನಡುವೆ ಈ ವಿಷಯ ತೀರ್ಮಾನವಾಗಿಲ್ಲ. 2023ರಲ್ಲಿ ಮೊಮ್ಮಗಳು ಮತ್ತೆ ಪರೀಕ್ಷೆಗೆ ಕುಳಿತಳು. ಪೂರ್ತಿ ಬರೆದು ಎದ್ದು ಬಂದಳು. ವೈದ್ಯಕೀಯದ ಸೀಟು ಸಿಗಲಿಲ್ಲ. ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದು ಫಿಸಿಯೊಥೆರಪಿ ಓದುತ್ತಿದ್ದಾಳೆ.

ಹೋಗುವಾಗ ಯಂತ್ರವನ್ನು ನನ್ನ ಬಳಿ ಬಿಟ್ಟು ಹೋದಳು. ನನ್ನ ಬೆರಳುಗಳಿಗಾಗಿ ಅಸಿಸ್ಟ್ ಮೋಡ್ ಎಂಬ ಸೌಕರ್ಯವನ್ನೂ ತೆರೆದುಕೊಟ್ಟಳು. ಅದರಲ್ಲಿ ಆಟದ ವೇಗವನ್ನು ಶೇಕಡಾ 50ರವರೆಗೆ ಇಳಿಸಬಹುದು, ಕೈ ಸೋಲದಂತೆ ಮಾಡಿಕೊಳ್ಳಬಹುದು, ಮುಳ್ಳು ತಾಗಿದರೂ ಸಾಯದಂತೆ ಸಹ ಮಾಡಿಕೊಳ್ಳಬಹುದು. ನನ್ನ ಜೊತೆ ನಿವೃತ್ತರಾದ ಗಣಿತದ ಶಿಕ್ಷಕ ಮಿತ್ರರು ಇದನ್ನು ಕೇಳಿ, ಪರೀಕ್ಷೆಯಲ್ಲಿ ನಕಲು ಮಾಡಿದಂತಾಯಿತಲ್ಲ ಎಂದು ಹಾಸ್ಯ ಮಾಡಿದರು. ಕನ್ನಡಕ ಹಾಕಿಕೊಂಡು ಪತ್ರಿಕೆ ಓದುವುದು ನಕಲಾದರೆ ಇದೂ ನಕಲೇ ಎಂದೆ. ವೇಗವನ್ನು ಶೇಕಡಾ 70ಕ್ಕೆ ಇಟ್ಟುಕೊಂಡಿದ್ದೇನೆ. ಅಲ್ಲಿ ನನ್ನ ಕಾಲು ಸೆಕೆಂಡೂ ಮೊಮ್ಮಗಳ 0.19 ಸೆಕೆಂಡೂ ಹೆಚ್ಚುಕಡಿಮೆ ಸಮವಾಗುತ್ತವೆ. ಮುಳ್ಳುಗಳನ್ನು ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ. ಮುಳ್ಳು ಚುಚ್ಚದಿದ್ದರೆ ಎಣಿಸುವ ಅವಶ್ಯಕತೆಯೇ ಇಲ್ಲ. ಎಣಿಸುವುದರಲ್ಲಿಯೇ ನನಗೆ ರುಚಿ ಹತ್ತಿದೆ.

ಸದ್ಯ ನಾಲ್ಕನೆಯ ಅಧ್ಯಾಯದ ಗಾಳಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಎದುರುಗಾಳಿ ಬೀಸುವಾಗ ಜಿಗಿದರೆ ದಡ ಮುಟ್ಟುವುದಿಲ್ಲ, ಹಿಂಗಾಳಿಯಲ್ಲಿ ಜಿಗಿದರೆ ದಡ ದಾಟಿ ಬೀಳುತ್ತೇನೆ. ನಿನ್ನೆಯವರೆಗೆ ಒಟ್ಟು 2,318 ಸಲ ಸತ್ತಿದ್ದೇನೆಂದು ಯಂತ್ರ ಹೇಳುತ್ತದೆ. ಭಾನುವಾರ ಸಂಜೆ ಬೆಳಗಾವಿಯಿಂದ ಫೋನು ಬಂದಾಗ ಮೊಮ್ಮಗಳು ಮೊದಲು ಕೇಳುವುದು ಆ ಸಂಖ್ಯೆಯನ್ನು. ರಕ್ತದೊತ್ತಡದ ಸಂಖ್ಯೆಯನ್ನು ಆಮೇಲೆ.